ಹಪ್ಪಳದ ಡಬ್ಬಿಯಲ್ಲಿ ಲೆನ್ಸು

19 ಜುಲೈ 2025, ಶನಿವಾರ
ದೊಡ್ಡಪ್ಪನ ಮನೆ, ತೀರ್ಥಹಳ್ಳಿ ತಾಲ್ಲೂಕು. ರಾತ್ರಿ 11 ದಾಟಿದೆ.

ಕರೆಂಟು ಹೋಗಿ ಮೂರು ದಿನವಾಯಿತಂತೆ. ಚಾರ್ಜರ್ ದೀಪದ ಬೆಳಕಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಶಿವಮೊಗ್ಗಕ್ಕೆ ವಾಪಸ್ ಹೋದ ಮೇಲೆ ಟೈಪ್ ಮಾಡಿ ಹಾಕಬೇಕು. ಹೊರಗೆ ಪುನರ್ವಸು ಮಳೆ ಹೆಂಚಿನ ಮೇಲೆ ಒಂದೇ ಸಮನೆ ಹೊಯ್ಯುತ್ತಿದೆ.

ದೊಡ್ಡ ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ಸಣ್ಣ ವಸ್ತುಗಳನ್ನು ಹತ್ತಿರದಿಂದ ತೆಗೆಯುವ ನನ್ನ ಮ್ಯಾಕ್ರೋ ಲೆನ್ಸಿಗೆ ಬೂಷ್ಟು ಬಂದಿದೆ. ಐದು ಮಳೆಗಾಲ ಅಣಬೆ ಹಿಂದೆ ಅಲೆದವನ ಲೆನ್ಸಿನೊಳಗೇ ಅಣಬೆಯ ದಾಯಾದಿಯೊಂದು ಬಿಡಾರ ಹೂಡಿದೆ. ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ. ದೊಡ್ಡಪ್ಪನಂತೂ ನಕ್ಕರು.

ಇನ್ನು ಮೊದಲಿಂದ ಬರೆಯುತ್ತೇನೆ. ನಿನ್ನೆ ಸಂಜೆ ಆಫೀಸು ಬಿಟ್ಟವನೇ ಬಸ್ಸು ಹತ್ತಿದೆ. ಮಂಡಗದ್ದೆ ಹತ್ತಿರ ತುಂಗೆ ಕೆಂಪಗೆ ತುಂಬಿಕೊಂಡಿದ್ದಳು. ನದಿ ನಡುವಿನ ಮರಗಳ ಬುಡವೇ ಕಾಣದು, ಮೇಲೆ ಮಾತ್ರ ಬೆಳ್ಳಕ್ಕಿ, ನೀರುಕಾಗೆಗಳ ಸಂತೆ. ಬಸ್ಸಿನ ಕಿಟಕಿಯಿಂದ ಫೋಟೋ ತೆಗೆಯೋ ಚಟ ಬಿಟ್ಟು ವರ್ಷಗಳಾದವು. ಸುಮ್ನೆ ನೋಡಿದೆ.

ಮನೆಗೆ ಕಾಲಿಡುವಷ್ಟರಲ್ಲಿ ದೊಡ್ಡಪ್ಪ, "ಸೊಪ್ಪಿನಬೆಟ್ಟದಲ್ಲಿ ಬಿದಿರುಮೆಳೆ ಬುಡಕ್ಕೆ ಮೊಟ್ಟೆ ಥರ ಎಂತದೋ ಎದ್ದಿದೆ ಮಾರಾಯ, ಕೋಳಿದಂತೂ ಅಲ್ಲ" ಅಂದರು. ನನಗೆ ಅಷ್ಟೇ ಸಾಕಿತ್ತು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಐದೂವರೆಗೆ ಸೊಪ್ಪಿನಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ಕೊಯ್ಯುವ ಕಾಡಿಗೆ, ಹೊರಟೆ. ಗೊಬ್ಬರದ ಚೀಲ ಹಾಸಿಕೊಂಡು ದರಗಿನ (ಉದುರಿದ ಎಲೆಗಳ) ಮೇಲೆ ಹೊಟ್ಟೆ ಅಡಿಯಾಗಿ ಮಲಗಿದೆ. ಕೊಡೆಯನ್ನು ಒಂದು ಗೂಟಕ್ಕೆ ಕಟ್ಟಿ ಕ್ಯಾಮೆರಾ ಮೇಲೆ ಹಿಡಿಸಿದೆ. ಟ್ರೈಪಾಡು ಅಷ್ಟು ಕೆಳಗೆ ಇಳಿಯುವುದಿಲ್ಲ, ಹಾಗಾಗಿ ಕ್ಯಾಮೆರಾ ಕೂತಿದ್ದು ಅಕ್ಕಿ ತುಂಬಿದ ಬಟ್ಟೆಚೀಲದ ಮೇಲೆ. ಮೊಟ್ಟೆ ಆಗಲೇ ಒಡೆದಿತ್ತು. ಬಿಳಿ ಸ್ಪಂಜಿನಂಥ ಕಾಂಡ, ಅದರ ತುದಿಗೆ ಹಸಿರು-ಕಂದು ಲೋಳೆ ಮೆತ್ತಿದ ಟೋಪಿ. ಟೋಪಿಯ ಕೆಳಗೆ ಮಡಿಸಿಕೊಂಡ ಜಾಲರಿ. 6 ಗಂಟೆಗೆ ಅದು ಒಂದು ಬೆರಳಿನಷ್ಟು ಮಾತ್ರ ಇಳಿದಿತ್ತು. 7 ಕಾಲಿನ ಹೊತ್ತಿಗೆ ನೆಲ ಮುಟ್ಟುವಂತೆ ಲಂಗದ ಹಾಗೆ ಹರಡಿತು. ಕಣ್ಣೆದುರೇ ಬೆಳೆದರೂ ಬೆಳೆಯುವುದು ಕಾಣುವುದಿಲ್ಲ. ಲೆನ್ಸಿನ ಮೇಲಿನ ಹನಿ ಒರೆಸಿ ಮತ್ತೆ ನೋಡಿದರೆ ಇನ್ನೊಂದಿಷ್ಟು ಇಳಿದಿರುತ್ತದೆ. ನಾನು ಜಾಲರಿ ಅಣಬೆ ಅನ್ನುತ್ತೇನೆ, ಪುಸ್ತಕದಲ್ಲಿ ಫಾಲಸ್ ಇಂಡುಸಿಯೇಟಸ್.

ಫೋಟೋದಲ್ಲಿ ಬಾರದೆ ಉಳಿಯುವುದು ವಾಸನೆ. ಅಟ್ಟದಲ್ಲಿ ಇಲಿ ಸತ್ತ ಮೂರನೇ ದಿನ ಬರುತ್ತದಲ್ಲ, ಅದೇ. ಆ ಲೋಳೆಯಲ್ಲೇ ಬೀಜಕಣಗಳಿರುತ್ತವೆ. ವಾಸನೆಗೆ ನೊಣ ಬರಬೇಕು, ಲೋಳೆ ತಿನ್ನಬೇಕು, ಕಣಗಳನ್ನು ಇನ್ನೆಲ್ಲೋ ಬಿಡಬೇಕು, ಅದೇ ಅದರ ಲೆಕ್ಕ. ಬೇರೆ ಅಣಬೆಗಳು ಗಾಳಿಯನ್ನು ನಂಬಿದರೆ ಇದು ನೊಣವನ್ನು ನಂಬಿದೆ. ಈ ಮಳೆಯಲ್ಲಿ ಅದೇ ಜಾಣತನ ಅನ್ನಿಸಿತು.

ಕ್ಯಾಮೆರಾ ಸೆಟ್ಟಿಂಗು ಎಫ್ 11, ಐಎಸ್‌ಒ 400, ಕಾಲು ಸೆಕೆಂಡು. ಒದ್ದೆ ಎಲೆಗಳ ಹೊಳಪು ಕಡಿಮೆ ಮಾಡಲು ಪೋಲರೈಸರ್ ಫಿಲ್ಟರ್. ಟೋಪಿಯಿಂದ ಜಾಲರಿಯ ಅಂಚಿನವರೆಗೂ ಫೋಕಸ್ ಬೇಕೆಂದು ಒಂದೊಂದು ಕೂದಲೆಳೆ ಮುಂದಕ್ಕೆ ಸರಿಸುತ್ತಾ 18 ಫ್ರೇಮು ತೆಗೆದೆ. ಆಮೇಲೆ ಎಲ್ಲ ಸೇರಿಸಿ ಒಂದು ಮಾಡುವ ಯೋಚನೆ. ಆದರೆ ನೊಣಗಳು ನನ್ನ ಯೋಚನೆ ಕೇಳಿ ಬಂದವಲ್ಲ. ಪ್ರತಿ ಫ್ರೇಮಿನಲ್ಲೂ ಬೇರೆ ಜಾಗ. ಸೇರಿಸಿದರೆ ಒಂದೇ ನೊಣ ಆರು ದೆವ್ವವಾಗುತ್ತದೆ. ಕೊನೆಗೆ ಚೆನ್ನಾಗಿ ಬಂದಿದ್ದು ಒಂಟಿ ಫ್ರೇಮು. ಜಾಲರಿಯ ಕೆಳಭಾಗ ಮಸುಕು, ಟೋಪಿಯ ಮೇಲೆ ಎರಡು ನೊಣ ಮಾತ್ರ ಚೂಪಾಗಿ. ಎಂಟೂವರೆಗೆ ಟೋಪಿ ನೆಕ್ಕಿ ಬೆಳ್ಳಗಾಗಿತ್ತು. ಹತ್ತೂವರೆಗೆ ಇನ್ನೊಮ್ಮೆ ಹೋದರೆ ಜಾಲರಿ ಒದ್ದೆ ಬಟ್ಟೆಯಂತೆ ಕಾಂಡಕ್ಕೆ ಅಂಟಿತ್ತು.

ಅಷ್ಟರಲ್ಲಿ ಉಂಬಳಗಳ (ನೆಲದ ಜಿಗಣೆ) ಬೆಳಗಿನ ತಿಂಡಿಯೂ ಆಗಿತ್ತು. ಕಾಲಿಗೆ ಏಳು, ಸೊಂಟಕ್ಕೆ ಎರಡು, ಕಿವಿಯ ಹಿಂದೆ ಒಂದು. ಸುಣ್ಣ, ಹೊಗೆಸೊಪ್ಪು ಬಳಿದುಕೊಂಡಿದ್ದು ಕಾಲಿಗೆ ಮಾತ್ರ, ಮಲಗಿದವನಿಗೆ ಅದು ಯಾವ ಲೆಕ್ಕ? ಅವು ಕಚ್ಚಿದಾಗ ರಕ್ತ ಹೆಪ್ಪುಗಟ್ಟದಂತೆ ಒಂದು ರಸ ಬಿಡುತ್ತವೆ, ಅದಕ್ಕೇ ಬಿದ್ದು ಹೋದ ಮೇಲೂ ಅಂಗಿ ಕೆಂಪಾಗುತ್ತಾ ಇರುತ್ತದೆ. ಆದರೂ ನನಗೆ ಉಂಬಳದ ಮೇಲೆ ಸಿಟ್ಟಿಲ್ಲ. ಕುಡಿದು ಹೋಗುತ್ತದೆ, ಅಷ್ಟೇ. ಬೇಸಿಗೆಯ ಉಣುಗು (ಉಣ್ಣೆ) ಹಾಗಲ್ಲ, ಕಚ್ಚಿ ಮಂಗನ ಕಾಯಿಲೆ ಹರಡುತ್ತದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಈ ದರಗಿನ ಮೇಲೆ ಹೀಗೆ ಮಲಗು ಅಂದರೆ ನಾನು ಮಲಗುವುದಿಲ್ಲ. ನೆಲಕ್ಕೆ ಹೊಟ್ಟೆ ಕೊಡೋ ಫೋಟೋ ಏನಿದ್ದರೂ ಮಳೆಗಾಲಕ್ಕೆ.

ಅಡಿಕೆ ತೋಟದ ಕಟ್ಟೆ ಮೇಲೆ ದೊಡ್ಡಪ್ಪ ಆಕಾಶ ನೋಡುತ್ತಾ ಕೂತಿದ್ದರು. ಅಡಿಕೆ ಕಾಯಿ ಉದುರಿಸುವ ಕೊಳೆರೋಗಕ್ಕೆ ಹೊಡೆಯುವ ಮದ್ದಿಗೆ ಡ್ರಮ್ಮು, ಮೈಲುತುತ್ತ, ಸುಣ್ಣ, ಎಲ್ಲ ತಯಾರು. 100 ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಹೊಡೆಯಲು ಹೊಳವು, ಮಳೆ ಬಿಟ್ಟ ಹೊತ್ತು, ಮಾತ್ರ ಸಿಗುತ್ತಿಲ್ಲ. ಈಗಲೇ ಎರಡು ಸಾಲಿನಲ್ಲಿ ಕಾಯಿ ಉದುರಲು ಶುರುವಾಗಿದೆ.

"ನೀನು ಬೂಷ್ಟಿಗೆ ಮಂಡಿ ಊರ್ತೀಯ, ನಾನು ಅದೇ ಬೂಷ್ಟಿಗೆ ಮದ್ದು ಹೊಡೀತೀನಿ. ಒಂದೇ ಮನೇಲಿ ಇಬ್ರೂ ಹೆಂಗೆ ಇರೋದು?" ಅಂದರು.

ಕೊಳೆರೋಗದ್ದು ನಿಜವಾದ ಶಿಲೀಂಧ್ರ ಅಲ್ಲ, ಫೈಟಾಫ್ತೊರಾ ಅಂತ, ಅದರ ನೆಂಟಸ್ತಿಕೆ ಪಾಚಿಗಳ ಕಡೆಗೆ ಜಾಸ್ತಿ ಎಂದು ನಾನು ಶುರು ಮಾಡಿದೆ. ಅವರು ಉದುರಿದ ಒಂದು ಕಾಯಿ ಎತ್ತಿ ನನ್ನ ಕೈಗಿಟ್ಟರು. ಬುಡದಲ್ಲಿ ಬಿಳಿ ಬಿಳಿ, ಮೈಯೆಲ್ಲ ನೀರು ಹೊಡೆದ ಹಾಗೆ ಕಪ್ಪು ಹಸಿರು. "ನೆಂಟಸ್ತಿಕೆ ಇದಕ್ಕೆ ಹೇಳು" ಅಂದರು. ನಾನು ಬಾಯಿ ಮುಚ್ಚಿಕೊಂಡೆ. ಆ ಕಾಯಿಯದೂ ಒಂದು ಫೋಟೋ ತೆಗೆಯಬಹುದಿತ್ತು, ಬಿಳಿ ಎಳೆಗಳು ಚಂದವಾಗಿಯೇ ಇದ್ದವು. ಅವರೆದುರು ಕ್ಯಾಮೆರಾ ಎತ್ತಲು ಮನಸ್ಸು ಬರಲಿಲ್ಲ.

ದೊಡ್ಡಮ್ಮನದು ಬೇರೆ ಪರೀಕ್ಷೆ. ಕಳೆದ ವಾರ ತೆಗೆದ ಅಣಬೆ ಫೋಟೋ ತೋರಿಸಿ ತಿನ್ನೋದಾ ಅಂತ ಕೇಳಿದೆ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ವಾಪಸ್ ಕೊಟ್ಟರು. "ಫೋಟೋ ನೋಡಿ ಹೇಳೋಕೆ ಬರಲ್ಲ. ಬುಡ ಎಲ್ಲಿಗೆ ಹೋಗಿದೆ, ಎಂತ ವಾಸನೆ, ಯಾವ ಜಾಗ, ಅದೆಲ್ಲ ನೋಡ್ಬೇಕು." ಹುತ್ತದ ಅಣಬೆಗೆ ಬೇರಿನಂಥ ಉದ್ದ ಬುಡ ಇರುತ್ತದೆ, ನೆಲದೊಳಗೆ ಗೆದ್ದಲು ಸಾಕಿಕೊಂಡ ತೋಟದವರೆಗೂ ಇಳಿದಿರುತ್ತದೆ. ನನ್ನ ಫೋಟೋದಲ್ಲಿ ಅಣಬೆಯ ಕೊಡೆಯಂಥ ತಲೆ ಮಾತ್ರ ಇತ್ತು, ಹಿಂದೆ ಚಂದದ ಹಸಿರು ಮಸುಕು. ಅವರ ಪ್ರಕಾರ ಅದರಲ್ಲಿ ಅಣಬೆಯೇ ಇರಲಿಲ್ಲ. ಅದಕ್ಕೇ ಈಗ ಹಲ್ಲಿನ ಡಾಕ್ಟರ ಹತ್ತಿರ ಇರುತ್ತದಲ್ಲ, ಆ ಥರದ ಪುಟ್ಟ ಕನ್ನಡಿ ಇಟ್ಟುಕೊಂಡಿದ್ದೇನೆ. ಕೀಳದೆ ಕೊಡೆಯ ಅಡಿಗೆ ಹಿಡಿದರೆ ಪದರಗಳು ಕಾಣುತ್ತವೆ. ಅದನ್ನೊಂದು, ಎದ್ದ ಜಾಗವನ್ನೊಂದು ತೆಗೆದಿಡುತ್ತೇನೆ. ಇವುಗಳಿಗೆ ಲೈಕು ಬರುವುದಿಲ್ಲ, ಬಿಡಿ.

ಕೀಳುವುದಿಲ್ಲ ಅಂದೆನಲ್ಲ, ಹುಟ್ಟಿನಿಂದ ಹಾಗಿದ್ದವನಲ್ಲ ನಾನು. ಎರಡು ವರ್ಷದ ಹಿಂದೆ ಇದೇ ಮನೆಯ ಕೆರೆ ದಂಡೆಯಲ್ಲಿ ಹಾರುವ ಕಪ್ಪೆಯ ನೊರೆಗೂಡು ಸಿಕ್ಕಿತ್ತು. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ, ಸೋಪಿನ ನೊರೆಯಂತೆ. ಮೊಟ್ಟೆ ಒಡೆದ ಮರಿಗಳು ಸೀದಾ ಕೆಳಗಿನ ನೀರಿಗೆ ಉದುರಬೇಕು. ಬೆಳಕು ಸಾಲದೆಂದು ಆ ಕೊಂಬೆಯನ್ನು ಬಾಳೆನಾರಿನಿಂದ ಪಕ್ಕಕ್ಕೆ ಎಳೆದು ಕಟ್ಟಿದೆ. ಫೋಟೋ ಚೆನ್ನಾಗಿ ಬಂತು. ಖುಷಿಯಲ್ಲಿ ಬಿಚ್ಚುವುದನ್ನು ಮರೆತು ಊರಿಗೆ ಹೋದೆ. ಮುಂದಿನ ವಾರ ಬಂದಾಗ ಗೂಡು ದಂಡೆಯ ಮೇಲೇ ಇತ್ತು, ಕೆಳಗೆ ಒಣ ಕಲ್ಲು. ಆ ಫೋಟೋ ಎಲ್ಲೂ ಹಾಕಿಲ್ಲ.

ಮಧ್ಯಾಹ್ನ ಕುಂದಾದ್ರಿ ಬೆಟ್ಟಕ್ಕೆ ಹೋಗಿದ್ದು ತಮ್ಮನ ಒತ್ತಾಯಕ್ಕೆ. ಮೇಲೆ ಪಾರ್ಶ್ವನಾಥ ಬಸದಿ, ಬಂಡೆಯ ಮಧ್ಯೆ ಕೊಳ, ಉಳಿದಿದ್ದೆಲ್ಲ ಮಂಜು. ಒಂದೂವರೆ ಗಂಟೆ ಕಾದ ಮೇಲೆ ಐದು ನಿಮಿಷ ಪರದೆ ಸರಿದು, ಬಂಡೆಯ ಅಂಚು, ಅದರಾಚೆ ಪಾತಾಳದಲ್ಲಿ ಗದ್ದೆಗಳು ಕಂಡವು. ಮಂಜಿನ ಬಿಳುಪಿಗೆ ಕ್ಯಾಮೆರಾ ಮೋಸಹೋಗಿ ಎಲ್ಲವನ್ನೂ ಬೂದಿ ಮಾಡುತ್ತದೆ, ಹಾಗಾಗಿ ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿದೆ, ಅಂದರೆ ಬೆಳಕು ಎರಡುಪಟ್ಟು. ನಾಲ್ಕು ಫೋಟೋ. ಪರವಾಗಿಲ್ಲ. ಇಳಿಯುವಾಗ ತಮ್ಮ ಪಾಚಿಗಟ್ಟಿದ ಬಂಡೆ ಮೇಲೆ ಜಾರಿ ಕೂತಿದ್ದು ಐದನೆಯದು, ಅದೇ ಚೆನ್ನಾಗಿದೆ.

ರಾತ್ರಿ ಎಂಟಕ್ಕೆ ಮತ್ತೆ ಸೊಪ್ಪಿನಬೆಟ್ಟ, ಕತ್ತಲಲ್ಲಿ ತಾವೇ ಬೆಳಗುವ ಅಣಬೆ ನೋಡಲು. ಅಮಾವಾಸ್ಯೆಗೆ ಐದೇ ದಿನ, ಚಂದ್ರ ಮೂಡುವುದು ನಡುರಾತ್ರಿಯ ಮೇಲೆ. ಟಾರ್ಚ್ ಆರಿಸಿ ಹದಿನೈದು ನಿಮಿಷ ಸುಮ್ಮನೆ ಕೂರಬೇಕು. ಮೊದಲು ಏನೂ ಇಲ್ಲ. ಆಮೇಲೆ ಕೊಳೆತ ಕೊಂಬೆಯೊಂದು ನಿಧಾನಕ್ಕೆ ಬೂದುಬಣ್ಣದಲ್ಲಿ ತೇಲಿಬಂತು, ಅದರ ಮೇಲೆ ಗುಂಡುಸೂಜಿ ತಲೆಯಷ್ಟು ಅಣಬೆಗಳು. ಕಣ್ಣಿಗೆ ಬೂದು, ಕ್ಯಾಮೆರಾಗೆ ಹಸಿರು. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ. ಇಂಟರ್ನೆಟ್ಟಿನ ಪಚ್ಚೆಹಸಿರು ನೋಡಿ ಬಂದವರು ಇಲ್ಲಿ "ಇಷ್ಟೇನಾ?" ಅನ್ನುವುದು ಅದಕ್ಕೇ. ನನಗೆ ಬೂದು ಬಣ್ಣವೇ ಇಷ್ಟ. ಎಫ್ 2.8, ಐಎಸ್‌ಒ 3200, ಮೂರು ನಿಮಿಷ. ಮಿಂಚುಹುಳ ಒಂದು ಫ್ರೇಮಿನೊಳಗೆ ಗೆರೆ ಎಳೆದು ಹೋಯಿತು.

ಚಿಕ್ಕವರಿದ್ದಾಗ ಇಂಥ ಕೊಂಬೆ ಹಿಡಿದು ಅಕ್ಕಪಕ್ಕದ ಮಕ್ಕಳಿಗೆ ಕೊಳ್ಳಿದೆವ್ವ ಅಂತ ಹೆದರಿಸುತ್ತಿದ್ದರಂತೆ ದೊಡ್ಡಮ್ಮ. ಹೆದರಿಸಿದವರು ಇವರೇ ಅನ್ನೋದು ನಂಬುವ ಹಾಗೆಯೇ ಇದೆ.

ವಾಪಸ್ ಬಂದು ಲೆನ್ಸು ಒರೆಸುವಾಗ ಟಾರ್ಚಿನ ಬೆಳಕು ಓರೆಯಾಗಿ ಹಿಂದಿನಿಂದ ಬಿತ್ತು. ಗಾಜಿನ ಒಳಗೆ, ಅಂಚಿನಿಂದ ನಡುವಿನ ಕಡೆಗೆ, ಜೇಡರಬಲೆಯಂಥ ಸಣ್ಣ ಸಣ್ಣ ಎಳೆ. ಉಸಿರು ಬಿಟ್ಟು ಒರೆಸಿದೆ. ಹೋಗಲಿಲ್ಲ. ಒಳಗಡೆಯೇ ಇದೆ. ಕಳೆದ ತಿಂಗಳು ಎದುರುಬೆಳಕಿನಲ್ಲಿ ತೆಗೆದ ಫೋಟೋಗಳೆಲ್ಲ ಹಾಲು ಚೆಲ್ಲಿದ ಹಾಗೆ ಬಂದಿದ್ದವು. ನಾನು ಮಲೆನಾಡಿನ ಮಂಜು ಅಂತ ಬರೆದು ಹಾಕಿದ್ದೆ. ಎಂಥಾ ಮೂಡ್ ಅಂತ ನಾಲ್ಕು ಜನ ಹೊಗಳಿಯೂ ಇದ್ದರು. ಬೂಷ್ಟಿನ ಮೂಡ್ ಅದು!

ತಪ್ಪು ನನ್ನದೇ. ಒದ್ದೆ ಬ್ಯಾಗಿನಲ್ಲಿ ವಾರಗಟ್ಟಲೆ ಇಟ್ಟಿದ್ದೆ. ತೇವ ಹೀರುವ ಸಿಲಿಕಾ ಜೆಲ್ ಚೀಲಗಳು ನೀಲಿಯಿಂದ ಗುಲಾಬಿಗೆ ತಿರುಗಿ ಯಾವ ಕಾಲವಾಯಿತೋ. ಹಾಗೇ ಬಿಟ್ಟರೆ ಬೂಷ್ಟು ಬಿಡುವ ಆಮ್ಲ ಗಾಜಿನ ಲೇಪವನ್ನೇ ತಿನ್ನುತ್ತದೆ, ಬಿಚ್ಚಿ ತೊಳೆಸಬೇಕು. ಬಿಸಿಲಿಗೆ ಇಡಿ ಅನ್ನುತ್ತಾರೆ. ಆಷಾಢದಲ್ಲಿ ಇಲ್ಲಿ ಬಿಸಿಲು ಯಾರ ಮನೆಯಿಂದ ತರೋದು?

ದೊಡ್ಡಮ್ಮ ಬಚ್ಚಲೊಲೆ ಮೇಲಿನ ಅಟ್ಟದಲ್ಲಿಡು ಅಂದರು. ಹೊಗೆ ಬೇಡವೆಂದೆ. ಸ್ವಲ್ಪ ಹೊತ್ತು ಯೋಚಿಸಿ ಒಳಗಿಂದ ಹಲಸಿನ ಹಪ್ಪಳದ ಸ್ಟೀಲ್ ಡಬ್ಬಿ ತಂದರು. ಈ ಮನೆಯಲ್ಲಿ ಆಷಾಢದಲ್ಲೂ ಗರಿಗರಿ ಇರುವ ಜಾಗ ಅದೊಂದೇ. ಸಿಲಿಕಾ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ನೀಲಿ ಮಾಡಿಕೊಂಡೆವು. "ಇದನ್ನ ಕರೀಬೇಕಾ?" ಅಂತ ದೊಡ್ಡಪ್ಪ ಒಳಗಿಂದಲೇ ಕೂಗಿದರು. ಲೆನ್ಸು ಈಗ ಡಬ್ಬಿಯಲ್ಲಿದೆ. ದೊಡ್ಡಮ್ಮ ಮುಚ್ಚಳವನ್ನು ಎರಡು ಸಲ ಒತ್ತಿ ನೋಡಿ ಮೇಲಿನ ಶೆಲ್ಫಿನಲ್ಲಿಟ್ಟರು. ಹಪ್ಪಳ ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಕ್ಯಾಮೆರಾ ಬ್ಯಾಗಿನೊಳಗಿದೆ. ಮೆತ್ತಗಾಗುವ ಮೊದಲು ನಾಳೆಯೇ ಕರಿದು ಮುಗಿಸಬೇಕಂತೆ. ಹೊಳವು ಸಿಕ್ಕರೆ ಬೆಳಿಗ್ಗೆ ಪೈಪು ಹಿಡಿಯಲು ನಾನೇ ಹೋಗಬೇಕಂತೆ.