ಎಲೆಯಲ್ಲಿ ಯಾವುದಕ್ಕೆ ಮೊದಲು ಕೈ

17 ನವೆಂಬರ್ 2024, ಭಾನುವಾರ, ಮೈಸೂರು

ತುಳಸಿ ಹಬ್ಬ ಮುಗಿದದ್ದೇ ತಡ, ಮದುವೆ ಸೀಸನ್ ಶುರುವಾಗಿದೆ. ಇವತ್ತು ಮದ್ದೂರಿನ ಹತ್ತಿರ ನಮ್ಮ ಯಜಮಾನರ ಚಿಕ್ಕಪ್ಪನ ಮನೆಯ ಬೀಗರ ಊಟ. ಜುಲೈ ಕೊನೆಯಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡ ಮೇಲೆ ಪಂಕ್ತಿಯಲ್ಲಿ ಕೂತದ್ದು ಇದೇ ಮೊದಲು. ನಾನು ಸುಮ್ಮನೆ ತಿಂದು ಎದ್ದು ಬರೋಣ ಅಂದುಕೊಂಡಿದ್ದೆ. ಮುದ್ದೆ ಬಡಿಸುವವರು ಬಂದ ಕೂಡಲೇ ಅತ್ತೆ ಇಡೀ ಶಾಮಿಯಾನಕ್ಕೆ ಕೇಳುವ ಹಾಗೆ, "ಅವಳಿಗೆ ಇಕ್ಬ್ಯಾಡಿ, ಹೊಟ್ಟೆ ಆಪ್ರೇಸನ್ ಆಗದೆ" ಅಂದರು. ಎದುರು ಸಾಲಿನ ಅಜ್ಜಿಯೊಬ್ಬರು ಪೂರ್ತಿ ವಿಚಾರಿಸಿಕೊಂಡು, "ದುಡ್ಡು ಕೊಟ್ಟು ಹಸಿವು ಕಳ್ಕೊಂಡ್ಯಲ್ಲವ್ವ" ಅಂತ ಮರುಗಿದರು.

ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ನನಗೆ ಆಗಿರುವುದು ಸ್ಲೀವ್. ಹೊಟ್ಟೆಯ ಮುಕ್ಕಾಲು ಪಾಲಿಗೂ ಹೆಚ್ಚು ಭಾಗ ಕತ್ತರಿಸಿ ತೆಗೆದು, ಬಾಳೆಹಣ್ಣಿನಂಥ ಒಂದು ಕೊಳವೆ ಮಾತ್ರ ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಮೇಲ್ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹೊಟ್ಟೆ ಕೇಳುವುದೇ ಇಲ್ಲ, ಗಡಿಯಾರ ನೋಡಿಕೊಂಡು ತಿನ್ನಬೇಕು.

ಇವತ್ತು ನನ್ನ ಎಲೆಯಲ್ಲಿ ಮೊದಲು ಕೈ ಹೋಗಿದ್ದು ಮೊಟ್ಟೆಗೆ, ಆಮೇಲೆ ಕೈಮ ಉಂಡೆಗೆ. ನಮ್ಮ ಕಡೆಯ ಅಡುಗೆಯಲ್ಲಿ ಈ ಹೊಟ್ಟೆಗೆಂದೇ ಮಾಡಿದಂತಿರುವುದು ಈ ಕೈಮ ಉಂಡೆ. ಮಾಂಸ ಮೊದಲೇ ನುಣ್ಣಗಾಗಿರುತ್ತದೆ, ಹುರಿಗಡಲೆ ಸೇರಿರುತ್ತದೆ, ಸಾರಿನಲ್ಲಿ ಬೆಂದು ಮೆತ್ತಗಾಗಿರುತ್ತದೆ. ತೊಡೆ ಮಾಂಸದ ತುಂಡುಗಳು ಹಾಗಲ್ಲ. ನಾರು ನಾರಾದದ್ದು ಎಷ್ಟು ಅಗಿದರೂ ಎದೆಯ ಹತ್ತಿರ ಸಿಕ್ಕಿಕೊಂಡಂತಾಗುತ್ತದೆ. ಒಂದು ಉಂಡೆ ಮುಗಿಸಿ ಎರಡನೆಯದರ ಅರ್ಧಕ್ಕೆ ಬರುವಾಗ ಮೂಗು ಸೋರತೊಡಗಿತು. ನನಗೆ ಹೊಟ್ಟೆ ತುಂಬಿದ ಗುರುತು ಅದು. ಒಬ್ಬೊಬ್ಬರಿಗೆ ಬಿಕ್ಕಳಿಕೆ ಬರುತ್ತದಂತೆ, ಒಬ್ಬೊಬ್ಬರಿಗೆ ಸೀನು. ಬಂತೆಂದರೆ ನಿಲ್ಲಿಸಬೇಕು. ಇನ್ನೊಂದು ತುತ್ತು ಹಾಕಿದರೆ ಅದು ವಾಪಸ್ಸು ಬರುವುದೇ. ನೀರಿನ ಬಾಟಲಿಯನ್ನು ಪಕ್ಕದಲ್ಲಿದ್ದ ನಾದಿನಿಯ ಮಗನಿಗೆ ಕೊಟ್ಟುಬಿಟ್ಟೆ. ಊಟದ ಜೊತೆ ನೀರಿಲ್ಲ, ಊಟವಾದ ಮೇಲೆ ಅರ್ಧ ಗಂಟೆಯೂ ಇಲ್ಲ. ಇರುವಷ್ಟು ಜಾಗವನ್ನು ನೀರೇ ತುಂಬಿಕೊಂಡರೆ ಊಟಕ್ಕೆ ಎಡೆಯಿರುವುದಿಲ್ಲ.

ಮುದ್ದೆಯ ವಿಷಯ ಬರೆಯಲೇಬೇಕು. ಆಸ್ಪತ್ರೆಯಲ್ಲಿ ಕೊಟ್ಟ ಚಾರ್ಟಿನಲ್ಲಿ ಓಟ್ಸ್ ಇತ್ತು, ಬ್ರೊಕೊಲಿ ಸೂಪಿತ್ತು, ಮುದ್ದೆಯ ಸುದ್ದಿಯೇ ಇರಲಿಲ್ಲ. ಮಂಡ್ಯ, ಹಾಸನದವರಿಗೆ ಚಾರ್ಟ್ ಬರೆಯುವವರು ಮೊದಲು ಹೇಳಬೇಕಾದದ್ದು ಇದೇ ಅಲ್ಲವೇ? ಚಾರ್ಟಿನ ಮೊದಲ ನಿಯಮ, ಒಂದೊಂದು ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿದು ಹಿಟ್ಟು ಮಾಡಿ ಒಳಗೆ ಬಿಡಿ ಅನ್ನುವುದು. ಮುದ್ದೆಯನ್ನೋ, ಮುರಿದು ಸಾರಿನಲ್ಲಿ ಅದ್ದಿ ನುಂಗುವುದು. ಅಗಿದರೆ ಹಲ್ಲಿಗೆ ಅಂಟುತ್ತದೆ, ನೋಡಿದವರು ನಗುತ್ತಾರೆ. ಜೊತೆಗೆ ಅದರಲ್ಲಿ ಪ್ರೋಟೀನ್ ಅಂಥದ್ದೇನಿಲ್ಲ, 100 ಗ್ರಾಂ ರಾಗಿ ಹಿಟ್ಟಿಗೆ 7 ಗ್ರಾಂ ಆಸುಪಾಸು. ಕ್ಯಾಲ್ಸಿಯಂ ಮಾತ್ರ ಧಾರಾಳ, ಸುಮಾರು 350 ಮಿಲಿಗ್ರಾಂ. ಆದರೆ ಅಷ್ಟು ಹಿಟ್ಟಿನ ಮುದ್ದೆ ಈಗ ನನ್ನೊಳಗೆ ಹೋಗುವ ಮಾತೇ ಇಲ್ಲ. ತೆಳ್ಳಗೆ ಸೋಸಿದ ರಾಗಿ ಅಂಬಲಿ ಎರಡನೇ ವಾರದಿಂದಲೇ ಒಪ್ಪಿತು, ಮಜ್ಜಿಗೆ ಬೆರೆಸಿಕೊಂಡು ಈಗಲೂ ಕುಡಿಯುತ್ತೇನೆ.

ಮೊದಲ ವಾರಗಳದ್ದು ಹೆಚ್ಚೇನಿಲ್ಲ. ಆಸ್ಪತ್ರೆಯಲ್ಲಿ ಔಷಧಿ ಅಳೆಯುವ 30 ಮಿಲಿ ಕಪ್ಪಿನಲ್ಲಿ ಗುಟುಕು ಗುಟುಕಾಗಿ ನೀರು, ಮನೆಗೆ ಬಂದಮೇಲೆ ಎಳನೀರು, ಮಜ್ಜಿಗೆ, ಪ್ರೋಟೀನ್ ಪುಡಿ ಕದಡಿದ ಹಾಲು. ಮೂರನೇ ವಾರದಿಂದ ಮಿಕ್ಸಿಯಲ್ಲಿ ತಿರುವಿದ್ದು, ಐದನೇ ವಾರದಿಂದ ಮೆತ್ತನೆಯದು, ಎರಡು ತಿಂಗಳ ಮೇಲೆ ಮಾಮೂಲಿ ಊಟ. ವೈದ್ಯರಿಂದ ವೈದ್ಯರಿಗೆ ಈ ಲೆಕ್ಕ ಒಂದಿಷ್ಟು ಹಿಂದುಮುಂದಾಗುತ್ತದೆ. ನಿಮ್ಮ ವೈದ್ಯರು ಹೇಳಿದ್ದೇ ನಿಮ್ಮ ಲೆಕ್ಕ.

ಆ ದಿನಗಳಲ್ಲಿ ಅತ್ತೆಗೂ ನನಗೂ ನಡೆದ ಜಟಾಪಟಿಯೆಲ್ಲ ಬೇಳೆಕಟ್ಟಿನದು. ಬಾಣಂತಿಗೆ ಕೊಟ್ಟಂತೆ ದಿನಾ ಕಟ್ಟು ಬಸಿದು, ಮೆಣಸು ಜೀರಿಗೆ ಹಾಕಿ ತಂದಿಡುತ್ತಿದ್ದರು. ಶಕ್ತಿಯೆಲ್ಲ ಅದರಲ್ಲೇ ಇರುವುದಂತೆ. ಪ್ರೋಟೀನ್ ಹೆಚ್ಚಾಗಿ ಉಳಿಯುವುದು ಪಾತ್ರೆಯ ತಳದ ಬೇಳೆಯಲ್ಲಿ, ಅದನ್ನು ಮನೆಯವರು ಪಲ್ಯ ಮಾಡಿಕೊಂಡು ತಿನ್ನುತ್ತಿದ್ದರು! ಮಾಂಸದ ಸಾರಿನ ಮೇಲಿನ ತಿಳಿಯ ಕತೆಯೂ ಇದೇ. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. ಒಂದು ಮೊಟ್ಟೆಗೆ 6 ಗ್ರಾಂ, ಒಂದು ಲೋಟ ಹಾಲಿಗೂ ಹತ್ತಿರ ಹತ್ತಿರ ಅಷ್ಟೇ, 100 ಗ್ರಾಂ ಪನೀರಿಗೆ 18. ಹಿಡಿಯಷ್ಟು ತಿನ್ನುವವರಿಗೆ ಇದು ಸಣ್ಣ ಮೊತ್ತವಲ್ಲ. ಅನ್ನಕ್ಕೆ ಮೊದಲು ಕೈಹಾಕಿದರೆ ಅಲ್ಲಿಗೇ ಜಾಗ ಮುಗಿಯಿತು. ನಮ್ಮಲ್ಲಿ ಅನ್ನ, ಮುದ್ದೆಯೇ ಊಟ, ಉಳಿದದ್ದೆಲ್ಲ ನೆಂಚಿಕೊಳ್ಳಲು. ಈಗ ನೆಂಚಿಕೊಳ್ಳುವುದೇ ಊಟ, ಅನ್ನ ಜಾಗವಿದ್ದರೆ.

ಇಳಿಯದ ತಿಂಡಿಗಿಂತ ಸುಲಭವಾಗಿ ಇಳಿಯುವ ತಿಂಡಿಯ ಬಗ್ಗೆಯೇ ನನಗೆ ಹೆಚ್ಚು ಭಯ. ಇಡ್ಲಿ ಎರಡನೆಯದಕ್ಕೆ ಸಾಕಪ್ಪಾ ಅನ್ನಿಸುತ್ತದೆ, ಆದರೆ ಚುರುಮುರಿ ಪೊಟ್ಟಣ ಪೂರ್ತಿ ಖಾಲಿಯಾದರೂ ಹೊಟ್ಟೆಗೆ ಗೊತ್ತೇ ಆಗುವುದಿಲ್ಲ. ಕೋಡುಬಳೆ, ರಸ್ಕು, ಐಸ್‌ಕ್ರೀಮ್ ಎಲ್ಲ ಅದೇ ಜಾತಿ. ವರ್ಷ ಕಳೆದ ಮೇಲೆ ತೂಕ ಮತ್ತೆ ಏರುವ ದಾರಿಗಳಲ್ಲಿ ಇದೂ ಒಂದು. ಸಿಹಿಯದು ಇನ್ನೊಂದು ಪಾಡು. ನನ್ನ ಜೊತೆ ವಾರ್ಡಿನಲ್ಲಿದ್ದ ಒಬ್ಬರಿಗೆ ಆದದ್ದು ಬೈಪಾಸ್, ಹೃದಯದ್ದಲ್ಲ, ಹೊಟ್ಟೆಯನ್ನು ಪುಟ್ಟ ಚೀಲ ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್. ದಸರೆಯಲ್ಲಿ ಒಂದು ಹೋಳಿಗೆ ತಿಂದು, ಕಾಲು ಗಂಟೆಯಲ್ಲಿ ಎದೆ ಡವಡವ, ಬೆವರು, ಹೊಟ್ಟೆನೋವು, ಭೇದಿ. ಸಕ್ಕರೆ ಒಮ್ಮೆಲೇ ಸಣ್ಣ ಕರುಳಿಗೆ ನುಗ್ಗಿದರೆ ಹಾಗಾಗುತ್ತದೆ, ಡಂಪಿಂಗ್ ಅನ್ನುತ್ತಾರೆ. ಬೈಪಾಸಿನವರಿಗೆ ಹೆಚ್ಚು, ಸ್ಲೀವಿನವರಿಗೂ ಆಗುವುದುಂಟು. ಇವತ್ತಿನ ಪಾಯಸವನ್ನು ಅದಕ್ಕೇ ಬಡಿಸಿಕೊಳ್ಳಲಿಲ್ಲ.

ಮಾತ್ರೆಗಳು ಮಾತ್ರ ಜೀವನಪೂರ್ತಿ. ವಿಟಮಿನ್ ಬಿ12 ಹೀರಿಕೊಳ್ಳಲು ಬೇಕಾದ ಅಂಶ ತಯಾರಾಗುವುದು ಹೊಟ್ಟೆಯಲ್ಲೇ, ಆ ಹೊಟ್ಟೆಯೇ ಈಗ ಚಿಕ್ಕದು. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದು ಬರೆದುಕೊಡುತ್ತಾರೆ, ಅದು ಹೀರಿಕೆಯಾಗಲು ಹೊಟ್ಟೆಯ ಆಮ್ಲವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆಯ ಅಂತರ, ಕಾಫಿಯೂ ಕಬ್ಬಿಣದ ಹತ್ತಿರ ಸುಳಿಯಬಾರದು. ಮೈಸೂರಿನಲ್ಲಿದ್ದುಕೊಂಡು ಕಾಫಿಗೆ ಸಮಯ ಹೊಂದಿಸುವುದೇ ದೊಡ್ಡ ತಲೆನೋವು. ತಲೆಕೂದಲು ಬಾಚಣಿಗೆ ತುಂಬ ಬರುತ್ತಿದೆ. ಮೂರರಿಂದ ಆರು ತಿಂಗಳ ಹೊತ್ತಿಗೆ ಹೀಗಾಗುವುದು ಸಾಮಾನ್ಯ, ಮತ್ತೆ ಬೆಳೆಯುತ್ತದೆ ಅಂತ ವೈದ್ಯರು ಅಂದಿದ್ದಾರೆ. ಅವರು ಒತ್ತಿ ಹೇಳಿದ್ದು ಬೇರೆಯದು: ವಾಂತಿ ನಿಲ್ಲದೆ ಮುಂದುವರಿದರೆ ಮನೆಮದ್ದು ಮಾಡುತ್ತ ಕೂರಬೇಡಿ. ಬಿ1 ಖಾಲಿಯಾದರೆ ನರಗಳಿಗೇ ಪೆಟ್ಟು.

ನಾಳೆ ಕಾರ್ತಿಕ ಸೋಮವಾರ, ಮನೆಯಲ್ಲಿ ಮೊಟ್ಟೆಯೂ ಒಲೆ ಹತ್ತುವಂತಿಲ್ಲ. ಬರುತ್ತಾ ದಾರಿಯಲ್ಲಿ ಅವರೆಕಾಯಿ ಕಂಡಿತು, ಈ ವರ್ಷದ ಮೊದಲ ಫಸಲು, ಸೊಗಡು ಇನ್ನೂ ಅಷ್ಟಿಲ್ಲ, ಬೆಲೆ ಮಾತ್ರ ಜೋರು. ಸಿಪ್ಪೆಯಿದ್ದರೆ ನನಗೆ ವಾಯು, ಹಿತಕಿದರೆ ತೊಂದರೆಯಿಲ್ಲ. ಎರಡು ಕೇಜಿ ತಂದು ಬಿಡಿಸಿ ನೀರಲ್ಲಿ ನೆನೆಹಾಕಿದ್ದೇನೆ. ಹಿತಕುವ ಕೆಲಸ ಅತ್ತೆ ವಹಿಸಿಕೊಂಡಿದ್ದಾರೆ, ಕಟ್ಟು ಬಸಿಯುವುದಿಲ್ಲ ಅನ್ನುವ ಷರತ್ತಿನ ಮೇಲೆ.