ಪೋಪನ ಗೊಂಬೆ, ಡಾಂಬರಿನ ಪೀಪಾಯಿ: ಲೂಯಿಸ್ ಊರಿನ ನವೆಂಬರ್ ಐದು

6 ನವೆಂಬರ್ 2024, ಬುಧವಾರ
ಬ್ರೈಟನ್

ನಿನ್ನೆ ಸಂಜೆ ಐದು ಗಂಟೆಯ ಮೇಲೆ ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಲೂಯಿಸ್ ನಿಲ್ದಾಣದಲ್ಲಿ ಒಂದು ರೈಲೂ ನಿಲ್ಲಲಿಲ್ಲ. ಮುಷ್ಕರವೇನಿಲ್ಲ, ಹಳಿಯೂ ಕೆಟ್ಟಿರಲಿಲ್ಲ. ನವೆಂಬರ್ 5 ಇಲ್ಲಿನವರ 'ಬಾನ್‌ಫೈರ್ ನೈಟ್', 1605ರಲ್ಲಿ ಪಾರ್ಲಿಮೆಂಟನ್ನು ಸಿಡಿಸಲು ಹೊರಟು ಸಿಕ್ಕಿಬಿದ್ದ ಗೈ ಫಾಕ್ಸ್‌ನ ಗೊಂಬೆ ಸುಡುವ ಬೆಂಕಿಯ ಹಬ್ಬ. ಆ ರಾತ್ರಿ ಹೊರಗಿನ ಜನ ಬಂದು ತುಂಬುವುದು ಬೇಡ ಅಂತ ಬೇಕೆಂದೇ ಮಾಡುವ ಏರ್ಪಾಡು ಅದು. ರಸ್ತೆಗಳು ಬಂದ್, ಹೈ ಸ್ಟ್ರೀಟಿನ ಅಂಗಡಿಗಳ ಗಾಜಿಗೆಲ್ಲ ಪ್ಲೈವುಡ್ ಹಲಗೆ. ಎಲ್ಲೋ ಗಲಾಟೆಯಾಗಿ ಕರ್ಫ್ಯೂ ಹಾಕಿದ್ದಾರೇನೋ ಅನ್ನಿಸುವ ಹಾಗಿತ್ತು. ನಮ್ಮ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರ ಮನೆ ಆ ಊರಲ್ಲೇ ಇದೆ. ನಾನು ಮಧ್ಯಾಹ್ನವೇ ಹೋಗಿ ಅವರ ಮನೆ ಸೇರಿಕೊಂಡೆ, ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಬಸ್ಸು ಹಿಡಿದು ಬಂದೆ. ಇವತ್ತು ರಜೆ. ಊರೆಲ್ಲ ಅಮೆರಿಕದ ಚುನಾವಣೆ ಫಲಿತಾಂಶ ನೋಡುತ್ತ ಕೂತಿದೆ. ಅಷ್ಟರಲ್ಲಿ ಇದನ್ನು ಬರೆದು ಮುಗಿಸುತ್ತೇನೆ.

ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಇದಕ್ಕೆ 'ಬಿಳಿಯರ ದೀಪಾವಳಿ' ಅನ್ನುತ್ತಾರೆ. ಈ ಸಲ ಬಲಿಪಾಡ್ಯಮಿ ಶನಿವಾರ ಬಂತು, ಇದು ಮಂಗಳವಾರ, ಹಾಗಾಗಿ ಎರಡೂ ಒಂದೇ ಹಬ್ಬದ ಮುಂದುವರಿಕೆಯ ಹಾಗೆ ಕಂಡಿದ್ದು ನಿಜ. ಪಟಾಕಿಯೂ ಅದೇ ಸೂಪರ್‌ಮಾರ್ಕೆಟ್ಟಿನ ಅದೇ ಕಪಾಟಿನದು. ಇಂಗ್ಲೆಂಡಿನ ಕಾನೂನೂ ಎರಡನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದೆ: ಉಳಿದ ದಿನ ರಾತ್ರಿ 11ರ ಮೇಲೆ ಪಟಾಕಿ ಹಚ್ಚುವ ಹಾಗಿಲ್ಲ, ನವೆಂಬರ್ ಐದಕ್ಕೆ 12ರವರೆಗೆ ಅನುಮತಿ, ದೀಪಾವಳಿಗೆ 1 ಗಂಟೆಯವರೆಗೆ. (ನಮಗೇ ಒಂದು ತಾಸು ಹೆಚ್ಚು!) ಆದರೂ ಆ ಹೆಸರು ನನಗೆ ಸರಿ ಬರುವುದಿಲ್ಲ. ನಾವು ಬಲಿಯನ್ನು ಪಾತಾಳಕ್ಕೆ ತುಳಿದ ಕತೆ ಹೇಳಿದರೂ ವರ್ಷಕ್ಕೊಮ್ಮೆ ಅವನನ್ನೇ ಮನೆಗೆ ಕರೆದು ಪೂಜೆ ಮಾಡುತ್ತೇವೆ. ಇಲ್ಲಿ ಸೋತವನನ್ನು ವರ್ಷವರ್ಷವೂ ಸುಡುತ್ತಾರೆ. ಹೋಲಿಸಲೇಬೇಕು ಅಂದರೆ ಹುಬ್ಬಳ್ಳಿ ಕಡೆಯ ಕಾಮದಹನ ಹತ್ತಿರ. 'ಕಾಮಣ್ಣನ ಮಕ್ಕಳು ಕಳ್ಳ ನನ್ನ ಮಕ್ಕಳು' ಅಂತ ಬಾಯಿ ಬಡಿದುಕೊಳ್ಳುತ್ತ ಹುಡುಗರು ಕಟ್ಟಿಗೆ, ಕುಳ್ಳು ಕದಿಯುತ್ತಿದ್ದರಲ್ಲ, ಇಲ್ಲಿನ ಹುಡುಗರಿಗೂ ಅಂಥದ್ದೇ ಹಳೆಯ ಪದ ಇದೆ. ಜೇಮ್ಸ್ ರಾಜನ ಹೆಸರಲ್ಲಿ ಒಂದು ಕಟ್ಟಿಗೆ ಕೊಡಿ, ಒಂದು ಕೊಡದಿದ್ದರೆ ಎರಡು ಎತ್ತಿಕೊಂಡು ಹೋಗುತ್ತೇವೆ, ನಷ್ಟ ನಿಮಗೇ ಅಂತ.

ಆ ಜೇಮ್ಸ್ 1603ರಲ್ಲಿ ಸ್ಕಾಟ್ಲೆಂಡಿನಿಂದ ಬಂದು ಇಂಗ್ಲೆಂಡಿನ ಗದ್ದುಗೆ ಏರಿದವನು. ಅವನ ತಾಯಿ ಮೇರಿ ಕೆಥೊಲಿಕ್. ಹಾಗಾಗಿ ಇವನ ಕಾಲದಲ್ಲಾದರೂ ಒಂದಿಷ್ಟು ಉಸಿರಾಡಬಹುದು ಅಂತ ಇಲ್ಲಿನ ಕೆಥೊಲಿಕರು ಕಾದಿದ್ದರು. ಸರ್ಕಾರಿ ಪ್ರಾಟೆಸ್ಟೆಂಟ್ ಚರ್ಚಿಗೆ ಹೋಗದಿದ್ದರೆ ದಂಡ, ಪಾದ್ರಿಗಳನ್ನು ಮನೆಯಲ್ಲಿ ಬಚ್ಚಿಟ್ಟರೆ ತಲೆಗೇ ಕುತ್ತು, ಇದು ಆಗಿನ ಪರಿಸ್ಥಿತಿ. ರಾಜ ಬದಲಾದರೂ ದಂಡ ಬದಲಾಗಲಿಲ್ಲ. ಆಗ ರಾಬರ್ಟ್ ಕೇಟ್ಸ್‌ಬಿ ಎಂಬವನು ಹದಿಮೂರು ಜನರ ಗುಂಪು ಕಟ್ಟಿ, ಪಾರ್ಲಿಮೆಂಟ್ ಆರಂಭವಾಗುವ ದಿನ ರಾಜ, ಮಂತ್ರಿ, ಬಿಷಪ್ಪರು ಎಲ್ಲ ಒಂದೇ ಸೂರಿನಡಿ ಇರುವಾಗ ಸೂರನ್ನೇ ಹಾರಿಸುವ ಹಂಚಿಕೆ ಹಾಕಿದ. ಹೌಸ್ ಆಫ್ ಲಾರ್ಡ್ಸ್ ಕೆಳಗಿನ ನೆಲಮಾಳಿಗೆಯನ್ನು ರಾಜಾರೋಷವಾಗಿ ಬಾಡಿಗೆಗೇ ಹಿಡಿದರು. 36 ಪೀಪಾಯಿ ಮದ್ದು ತಂದು ಸೌದೆ, ಕಲ್ಲಿದ್ದಲಿನ ಕೆಳಗೆ ಮುಚ್ಚಿಟ್ಟರು. ಗೈ ಫಾಕ್ಸ್ ಇವರ ನಾಯಕನೇನೂ ಅಲ್ಲ. ಯಾರ್ಕ್ ನಗರದಲ್ಲಿ ಹುಟ್ಟಿ, ನೆದರ್ಲ್ಯಾಂಡ್ಸ್ ಕಡೆ ಸ್ಪೇನಿನ ಸೈನ್ಯದಲ್ಲಿ ದುಡಿದು ಮದ್ದಿನ ಕೆಲಸ ಕಲಿತಿದ್ದವನು. ಬತ್ತಿಗೆ ಬೆಂಕಿ ಇಡುವ ಕೆಲಸ ಅವನ ಪಾಲಿಗೆ ಬಂತು, ಅಷ್ಟೆ.

ಯಾರೋ ಒಬ್ಬರು, ಹೆಸರಿಲ್ಲದ ಪತ್ರದಲ್ಲಿ, ಲಾರ್ಡ್ ಮಾಂಟೀಗಲ್ ಎಂಬವನಿಗೆ 'ಆ ದಿನ ಪಾರ್ಲಿಮೆಂಟಿಗೆ ಹೋಗಬೇಡ' ಎಂದು ಸೂಚನೆ ಕೊಟ್ಟರು. ಅವನು ಪತ್ರವನ್ನು ನೇರ ಸರ್ಕಾರಕ್ಕೆ ಮುಟ್ಟಿಸಿದ. 1605ರ ನವೆಂಬರ್ 4ರ ನಡುರಾತ್ರಿ ಹೊತ್ತಿಗೆ ತಪಾಸಣೆ ನಡೆಸಿದಾಗ ಕೋಟು ಬೂಟು ಹಾಕಿಕೊಂಡು ಹೊರಡುವ ತಯಾರಿಯಲ್ಲಿದ್ದ ಫಾಕ್ಸ್ ಸಿಕ್ಕಿಬಿದ್ದ. ಹೆಸರು ಕೇಳಿದರೆ 'ಜಾನ್ ಜಾನ್ಸನ್' ಅಂದ. ಅವನ ಕೈಯಲ್ಲಿತ್ತೆನ್ನುವ ಲಾಟೀನು ಇವತ್ತಿಗೂ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿದೆ.

ಉಳಿದವರ ಕತೆಯನ್ನು ಶಾಲೆಯಲ್ಲಿ ಯಾರೂ ಅಷ್ಟಾಗಿ ಹೇಳುವುದಿಲ್ಲ, ನನಗೆ ಇಷ್ಟವಾದದ್ದು ಅದೇ. ಲಂಡನ್ ಬಿಟ್ಟು ಓಡಿದ ಕೇಟ್ಸ್‌ಬಿ ಮತ್ತು ಸಂಗಡಿಗರು ಮಳೆಯಲ್ಲಿ ನೆನೆಯುತ್ತ ಸ್ಟಾಫರ್ಡ್‌ಷೈರಿನ ಹೋಲ್ಬೀಚ್ ಎಂಬ ಮನೆ ಸೇರಿದರು. ಜೊತೆಗೆ ತಂದಿದ್ದ ಮದ್ದು ಒದ್ದೆಯಾಗಿತ್ತು. ಅದನ್ನು ಒಣಗಲಿ ಅಂತ ಒಲೆಯ ಬೆಂಕಿ ಮುಂದೆ ಹರಡಿದರು. ಕಿಡಿ ಹಾರಿತು. ಪಾರ್ಲಿಮೆಂಟನ್ನು ಸುಡಲು ಹೊರಟವರು ತಮ್ಮದೇ ಮದ್ದಿನಲ್ಲಿ ಮುಖ ಸುಟ್ಟುಕೊಂಡರು. ಮಾರನೆಯ ದಿನ, ನವೆಂಬರ್ 8ಕ್ಕೆ, ಮನೆಗೆ ಮುತ್ತಿಗೆ ಬಿತ್ತು, ಕೇಟ್ಸ್‌ಬಿ ಗುಂಡೇಟಿಗೆ ಸತ್ತ. ಫಾಕ್ಸ್‌ಗೆ ಲಂಡನ್ ಟವರಿನಲ್ಲಿ ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸಿ, 1606ರ ಜನವರಿ 31ರಂದು ಗಲ್ಲಿಗೇರಿಸಿದರು. ಜೀವ ಇರುವಾಗಲೇ ಕೆಳಗಿಳಿಸಿ ಸೀಳುವುದು ಶಿಕ್ಷೆಯ ಕ್ರಮ. ಅವನು ಮೇಲಿಂದ ಬಿದ್ದು ಕುತ್ತಿಗೆ ಮುರಿದು ಅದಕ್ಕೆ ಮುಂಚೆಯೇ ಸತ್ತ. ಅಂದರೆ ಅವನನ್ನು ಯಾರೂ ಸುಡಲೇ ಇಲ್ಲ. ಸುಡುವುದೆಲ್ಲ ಆಮೇಲಿನ ಶತಮಾನಗಳಲ್ಲಿ, ಗೊಂಬೆಯಲ್ಲಿ.

ಬೆಂಕಿ ಹಚ್ಚುವುದು ಮಾತ್ರ ಅವನು ಸಿಕ್ಕಿಬಿದ್ದ ದಿನ ರಾತ್ರಿಯೇ ಶುರುವಾಗಿತ್ತು. ರಾಜ ಉಳಿದ ಸಂತೋಷಕ್ಕೆ ಲಂಡನ್ನಿನವರು ಬೀದಿಯಲ್ಲಿ ಬೆಂಕಿ ಹಾಕಬಹುದು, ಆದರೆ ಗದ್ದಲ, ಅಪಾಯ ಆಗಬಾರದು ಅಂತ ಅನುಮತಿ ಹೊರಟಿತ್ತು. (419 ವರ್ಷಗಳಿಂದ ಆ ಎರಡನೆಯ ಅರ್ಧವನ್ನು ಯಾರೂ ಕಿವಿಗೆ ಹಾಕಿಕೊಂಡಿಲ್ಲ.) ಮರುವರ್ಷ ಕಾನೂನೇ ಬಂತು: ಪ್ರತಿ ನವೆಂಬರ್ 5ಕ್ಕೆ ಎಲ್ಲರೂ ಚರ್ಚಿಗೆ ಹೋಗಿ ದೇವರಿಗೆ ಕೃತಜ್ಞತೆ ಸಲ್ಲಿಸಬೇಕು. ಆ ಕಾನೂನು 1859ರವರೆಗೂ ಇತ್ತು. ಅಷ್ಟು ಕಾಲ ಸರ್ಕಾರವೇ ದ್ವೇಷದ ದಿನಾಂಕ ನೆನಪಿಸುತ್ತ ಬಂದಿತ್ತು. ಕಾನೂನು ಹೋಯಿತು, ಪ್ರಾರ್ಥನೆ ಹೋಯಿತು, ಬೆಂಕಿ ಉಳಿಯಿತು. ಬಹಳ ಊರುಗಳಲ್ಲಿ ಈಗ ಅದು ಮೈದಾನದಲ್ಲಿ ಟಿಕೆಟ್ ಹರಿದು ತೋರಿಸುವ ಪಟಾಕಿ ಪ್ರದರ್ಶನ. ಮಕ್ಕಳ ಕೈಯಲ್ಲಿ ಸುರುಸುರು ಬತ್ತಿ, ದೊಡ್ಡವರ ಕೈಯಲ್ಲಿ ಹಾಟ್ ಡಾಗ್. ಉತ್ತರದ ಕಡೆ ಪಾರ್ಕಿನ್ ಅಂತ ಓಟ್ಸ್, ಶುಂಠಿ, ಕಾಕಂಬಿ ಹಾಕಿದ ಕೇಕು ಮಾಡುತ್ತಾರೆ. ಯಾರ್ಕ್‌ಷೈರಿನ ಒಬ್ಬರು ಸೋಮವಾರ ಆಫೀಸಿಗೆ ತಂದಿದ್ದರು. ಹಲ್ಲಿಗೆ ಅಂಟಿಕೊಳ್ಳುತ್ತದೆ, ರುಚಿ ಚೆನ್ನಾಗಿದೆ. ಅದೇ ಯಾರ್ಕ್‌ನಲ್ಲಿ ಫಾಕ್ಸ್ ಓದಿದ ಸೇಂಟ್ ಪೀಟರ್ಸ್ ಶಾಲೆಯವರು ಮಾತ್ರ ಅವನ ಗೊಂಬೆ ಸುಡುವುದಿಲ್ಲ. ಎಷ್ಟೆಂದರೂ ತಮ್ಮ ಶಾಲೆಯ ಹುಡುಗ.

ಲೂಯಿಸ್‌ನ ಕತೆಯೇ ಬೇರೆ. ಅಲ್ಲಿ ನವೆಂಬರ್ ಐದರ ಹಿಂದೆ ಇನ್ನೂ ಹಳೆಯ ಬೆಂಕಿಯೊಂದಿದೆ. 1555ರಿಂದ 1557ರ ನಡುವೆ, ಕೆಥೊಲಿಕ್ ರಾಣಿ ಒಂದನೇ ಮೇರಿಯ (ಜೇಮ್ಸ್‌ನ ತಾಯಿಯಲ್ಲ, ಇವಳು ಬೇರೆ) ಕಾಲದಲ್ಲಿ, 17 ಪ್ರಾಟೆಸ್ಟೆಂಟರನ್ನು ಆ ಊರಲ್ಲಿ ಜೀವಂತ ಸುಟ್ಟರು. ಮೊದಲನೆಯವನು ಡೆರಿಕ್ ಕಾರ್ವರ್, ನಮ್ಮ ಬ್ರೈಟನ್ನಿನಲ್ಲಿ ಬಿಯರ್ ಮಾಡುತ್ತಿದ್ದವನು. ಅವನನ್ನು ಪೀಪಾಯಿಯೊಳಗೆ ನಿಲ್ಲಿಸಿ, ಅವನ ಬೈಬಲ್ಲನ್ನೂ ಅದರೊಳಗೇ ಎಸೆದರಂತೆ. ಅವನು ಪುಸ್ತಕ ಎತ್ತಿ ಜನರ ನಡುವೆ ಎಸೆದುಬಿಟ್ಟ. ತಿರುಗಿ ಬೆಂಕಿಗೆ ಹಾಕಿ, ಇಲ್ಲದಿದ್ದರೆ ನಿಮಗೂ ಇದೇ ಗತಿ ಅಂತ ಶೆರಿಫ್ ಜನರನ್ನು ಗದರಿಸಿದ. 1557ರ ಜೂನಿನಲ್ಲಿ ಒಂದೇ ದಿನ ಹತ್ತು ಜನರನ್ನು ಸುಟ್ಟರು. ಆ ಜಾಗದಲ್ಲಿ ಈಗ ಟೌನ್ ಹಾಲ್ ಇದೆ. ನಿನ್ನೆ ನಾವು ಮೆರವಣಿಗೆ ನೋಡಲು ನಿಂತದ್ದು ಅಲ್ಲಿಂದ ಸ್ವಲ್ಪ ಮೇಲೆ.

ನಮ್ಮ ಸಹೋದ್ಯೋಗಿಯ ಅಜ್ಜನ ಕಾಲದಿಂದ ಅವರ ಮನೆಯವರೆಲ್ಲ ಬರೋ ಸಂಘದವರು. ಲೂಯಿಸ್‌ನಲ್ಲಿ ಇಂಥ ಬಾನ್‌ಫೈರ್ ಸಂಘಗಳು ಏಳು, ಒಂದೊಂದಕ್ಕೂ ಒಂದೊಂದು ಬಣ್ಣದ ಪಟ್ಟೆ ಸ್ವೆಟರ್: ಬರೋದವರದು ನೀಲಿ–ಬಿಳಿ, ಕ್ಲಿಫ್‌ನವರದು ಕಪ್ಪು–ಬಿಳಿ, ಸೌತ್‌ಓವರ್‌ನವರದು ಕೆಂಪು–ಕಪ್ಪು. ಬರೋ, ಕ್ಲಿಫ್ ಎರಡೂ 1853ರಲ್ಲಿ ಹುಟ್ಟಿದವು. ಅದಕ್ಕೆ ಮುಂಚೆ ಸಂಘ ಗಿಂಘ ಏನಿಲ್ಲ, ಮುಖಕ್ಕೆ ಮಸಿ ಬಳಿದುಕೊಂಡು ಬೀದಿಯಲ್ಲಿ ಉರಿಯುವ ಪೀಪಾಯಿ ಉರುಳಿಸುವ ಪುಂಡರ ಹಬ್ಬ. 1847ರಲ್ಲಿ ಅದನ್ನು ಅಡಗಿಸಲು ಲಂಡನ್ನಿನಿಂದ ಪೊಲೀಸರನ್ನು ಕರೆಸಿದ್ದರು. ಅಡಗಲಿಲ್ಲ, ಸಂಘ ಕಟ್ಟಿಕೊಂಡು, ಶಿಸ್ತು ಮಾಡಿಕೊಂಡು, ಬೀದಿಯನ್ನು ತಮ್ಮದಾಗಿ ಉಳಿಸಿಕೊಂಡರು. ಕ್ಲಿಫ್‌ನವರು ಇವತ್ತಿಗೂ ಉಳಿದವರ ಒಟ್ಟು ಮೆರವಣಿಗೆಗೆ ಸೇರದೆ ತಮ್ಮದೇ ದಾರಿ ಹಿಡಿಯುತ್ತಾರೆ. "ಅವರು ಹಾಗೇ," ಅಂತ ಸಹೋದ್ಯೋಗಿ ಮುಖ ಸಿಂಡರಿಸಿದ ರೀತಿ ನೋಡಿದರೆ ಈ ಊರಿನ ನಿಜವಾದ ವೈರ ಪೋಪನ ಮೇಲಲ್ಲ, ಪಕ್ಕದ ಬೀದಿಯ ಮೇಲೆ.

ಮಧ್ಯಾಹ್ನ ಅವರ ಹಿತ್ತಿಲ ಶೆಡ್ಡಿನಲ್ಲಿ ಪಂಜು ನೋಡಿದೆ. ಮೊಳಕ್ಕಿಂತ ಉದ್ದದ ಕೋಲು, ತುದಿಗೆ ಗೋಣಿತಾಟನ್ನು ಬಿಗಿಯಾಗಿ ಸುತ್ತಿ ತಂತಿ ಕಟ್ಟಿ, ಸೀಮೆಎಣ್ಣೆಯಲ್ಲಿ ಅದ್ದಿದ್ದು. ತಂತಿ ಸಡಿಲವಾದರೆ ಉರಿಯುವ ತಾಟು ಬಿಚ್ಚಿಕೊಂಡು ಹಿಂದಿನವರ ಕಾಲ ಮೇಲೆ ಬೀಳುತ್ತದೆ. ಅದಕ್ಕೇ ಗಂಟು ಪರೀಕ್ಷಿಸಲು ಹಳಬರೇ ಬೇಕು. ಇಂಥವನ್ನು ಸಾವಿರಗಟ್ಟಲೆ ಕಟ್ಟುತ್ತಾರೆ. ರೇಷನ್ ಅಂಗಡಿಯಲ್ಲಿ ಡಬ್ಬಿ ಹಿಡಿದು ಸಾಲಲ್ಲಿ ನಿಂತು ಬೆಳೆದ ನನಗೆ ಆ ವಾಸನೆ ಏನೂ ಹೊಸದಲ್ಲ.

ಕತ್ತಲಾದ ಮೇಲೆ ಮೆರವಣಿಗೆ. ಈ ವಾರವಿಡೀ ಸೂರ್ಯ ಕಾಣದ ಬೂದು ಮೋಡ, ಗಾಳಿ ಎಳ್ಳಷ್ಟೂ ಇಲ್ಲ. ಹೊಗೆ ಹೋಗಲು ದಾರಿಯಿಲ್ಲದೆ ಇಳಿಜಾರು ಬೀದಿಯಲ್ಲೇ ನಿಂತಿತು. ಮೊದಲು ಡ್ರಮ್ಮಿನ ಸದ್ದು, ಆಮೇಲೆ ಕೆನ್ನೆಗೆ ಬಿಸಿ, ಆಮೇಲೆ ಜನ. ತಳ್ಳುಬಂಡಿಯ ಮಕ್ಕಳಿಂದ ಹಿಡಿದು ಎಂಬತ್ತು ದಾಟಿದವರವರೆಗೆ ಎಲ್ಲರ ಕೈಯಲ್ಲೂ ಪಂಜು. ಮುಗಿದ ಪಂಜನ್ನು ರಸ್ತೆಗೇ ಬಿಸಾಡುತ್ತಾರೆ, ಹಿಂದೆ ಬರುವ ಕಬ್ಬಿಣದ ಗಾಡಿಯವರು ಅದನ್ನು ಗುದ್ದಲಿಯಲ್ಲಿ ಎತ್ತಿ ಹಾಕಿಕೊಳ್ಳುತ್ತಾರೆ. ಪಟಾಕಿ ಅಂದರೆ ಹೊಲದಲ್ಲಿ ಕಾಗೆ ಓಡಿಸುವಂಥ ಪಟಾಕಿ, ಕಾಲ ಬುಡದಲ್ಲೇ. ಕಿವಿಗೆ ಹತ್ತಿ ಇಟ್ಟುಕೋ ಅಂತ ಅವರು ಹೇಳಿದ್ದು ಸುಮ್ಮನೆ ಅಲ್ಲ. ನಡುವೆ ಹದಿನೇಳು ಉರಿಯುವ ಶಿಲುಬೆಗಳು ಬಂದವು, ಸತ್ತವರಿಗೆ ಒಂದೊಂದು. ಯುದ್ಧಸ್ಮಾರಕದ ಹತ್ತಿರ ಹೂವಿನ ಚಕ್ರ ಇಟ್ಟು, ಕಹಳೆ ಊದಿ ಸುಮ್ಮನೆ ನಿಂತರು. ಮತ್ತೆ ಗದ್ದಲ. ಕ್ಲಿಫ್ ಕಡೆ ಡಾಂಬರಿನ ಪೀಪಾಯಿ ಎಳೆಯುವ ಓಟ ಇರುತ್ತದೆ, ಉರಿಯುವ ಪೀಪಾಯಿಯೊಂದನ್ನು ಸೇತುವೆಯಿಂದ ಊಸ್ ನದಿಗೆ ಎಸೆಯುತ್ತಾರೆ. ಜನಸಾಗರ ದಾಟಿ ಅಲ್ಲಿಗೆ ಹೋಗಲು ನಮ್ಮಿಂದಾಗಲಿಲ್ಲ.

ಕೊನೆಗೆ ಒಂದೊಂದು ಸಂಘವೂ ಊರಂಚಿನ ತನ್ನ ತನ್ನ ಬೆಂಕಿಯ ಬಯಲಿಗೆ ಹೋಗುತ್ತದೆ. ಅಲ್ಲಿ ಬಿಷಪ್ ವೇಷದವರು ಭಾಷಣಕ್ಕೆ ನಿಲ್ಲುವುದು, ಜನ ಅವರ ಮೇಲೆ ಪಟಾಕಿ ಎಸೆಯುವುದು ಪದ್ಧತಿ. 'ಬಾನ್‌ಫೈರ್ ಪ್ರಾರ್ಥನೆ' ಅಂತ ಹೇಳುತ್ತಾರೆ, ಅದರಲ್ಲಿ ದೇವರ ಮಾತು ಕಡಿಮೆ. ಪೋಪನಿಗೆ ತಿನ್ನಲು ಒಂದು ಪೆನ್ನಿಯ ಬ್ರೆಡ್ಡು, ಗಂಟಲಿಗೆ ಸಿಕ್ಕಿಸಲು ಚೀಸು, ಇಳಿಸಲು ಬಿಯರು, ಸುಡಲು ಒಂದು ಹೊರೆ ಕಟ್ಟಿಗೆ. ಗೈ ಫಾಕ್ಸ್ ಜೊತೆ ಸುಡುವ ಪೋಪ್ ಈಗಿನವರಲ್ಲ, 1605ರಲ್ಲಿದ್ದ ಐದನೇ ಪಾಲ್. ಈಗಿನ ಕಾಲದ ರಾಜಕಾರಣಿಗಳಿಗೂ ಬೇರೆ ಗೊಂಬೆಗಳಿವೆ, ಅವಕ್ಕೆ ಒಳಗೇ ಪಟಾಕಿ ತುಂಬಿ ಸಿಡಿಸುತ್ತಾರೆ.

ಮಂಗಳೂರಿನ ಗೆಳತಿಯೊಬ್ಬಳು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಭಾನುವಾರದ ಪೂಜೆ ತಪ್ಪಿಸದ ಕೆಥೊಲಿಕ್. ಅವಳನ್ನೂ ಕರೆದಿದ್ದೆ. "ನೀನು ಹೋಗಿ ಬಾ ಮಾರಾಯ್ತಿ. ನಮ್ಮ ಪೋಪನನ್ನು ಸುಡುವುದು ನೋಡ್ಲಿಕ್ಕೆ ನಾನ್ಯಾಕೆ ಬರ್ಬೇಕು?" ಅಂದಳು. ಐದನೇ ಪಾಲ್ ಕತೆ ಹೇಳಿದರೆ, "ಹಳೇ ಪೋಪ್ ಆದ್ರೆ ಪೋಪ್ ಅಲ್ವಾ?" ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಸಹೋದ್ಯೋಗಿಯನ್ನು ಕೇಳಿದಾಗ, ಇದು ಯಾವ ಧರ್ಮದ ವಿರುದ್ಧವೂ ಅಲ್ಲ, ನಮ್ಮ ಸಂಘದಲ್ಲೇ ಕೆಥೊಲಿಕರಿದ್ದಾರೆ, ಹೀಗೆ ಮಾಡಬೇಡಿ ಅಂತ ಯಾರೂ ನಮಗೆ ಹೇಳಬಾರದು ಅನ್ನುವುದಷ್ಟೇ ಹಬ್ಬ ಅಂದರು. ಅವರ ಮಾತು ನಿಜವೇ ಇರಬಹುದು. ಆದರೆ 'ಯಾರೂ ಹೇಳಬಾರದು' ಅನ್ನುವುದು ಅಷ್ಟು ಸರಳವಲ್ಲ ಅಂತ ಅವರ ಸಂಘಕ್ಕೇ ಗೊತ್ತು. ಅವರಲ್ಲಿ ದಕ್ಷಿಣ ಆಫ್ರಿಕಾದ ಜುಲು ಜನರ ವೇಷ ಹಾಕುವ ರೂಢಿ ಬಹಳ ಹಳೆಯದು. ಮುಖಕ್ಕೆ ಕಪ್ಪು ಬಳಿದುಕೊಳ್ಳುವುದನ್ನು ನಿಜವಾದ ಜುಲು ಕಲಾವಿದರೇ ಆಕ್ಷೇಪಿಸಿದ ಮೇಲೆ 2017ರಲ್ಲಿ ಬಿಟ್ಟರು. ಆಕಾಶವೇನೂ ಕಳಚಿ ಬೀಳಲಿಲ್ಲ, ಮೆರವಣಿಗೆ ಇನ್ನೂ ಇದೆ. ಪೋಪನ ಗೊಂಬೆಯನ್ನೂ ಒಂದು ದಿನ ಹಾಗೇ ಬಿಟ್ಟರೆ ಹಬ್ಬಕ್ಕೆ ಏನೂ ಕಮ್ಮಿಯಾಗದು ಅಂತ ನನ್ನ ಅನಿಸಿಕೆ. ಶಿಲುಬೆಗಳು ಮಾತ್ರ ಇರಲಿ.

ಸಸೆಕ್ಸಿನಲ್ಲಿ ಈ ಬೆಂಕಿಯ ಸೀಸನ್ ಸೆಪ್ಟೆಂಬರಿನಲ್ಲೇ ಶುರುವಾಗಿ ನವೆಂಬರ್ ಮುಗಿಯುವ ತನಕ ಊರಿಂದ ಊರಿಗೆ ಸಾಗುತ್ತದೆ. ಒಂದು ಊರಿನ ಸಂಘದವರು ತಮ್ಮ ಪಟ್ಟೆ ಸ್ವೆಟರಿನಲ್ಲೇ ಇನ್ನೊಂದು ಊರಿಗೆ ಅತಿಥಿಗಳಾಗಿ ಹೋಗುತ್ತಾರೆ. ಬರುವ ಶನಿವಾರ ರೈ ಊರಿನದು. ನೀನೂ ಬಾ, ಪಂಜು ಕೊಡುತ್ತೇನೆ ಅಂತ ಸಹೋದ್ಯೋಗಿ ಕರೆದಿದ್ದಾರೆ. ಮಂಗಳೂರಿನವಳಿಗೆ ಮೆಸೇಜ್ ಹಾಕಿದ್ದೆ, ಈಗಷ್ಟೇ ಉತ್ತರ ಬಂತು: "ಶನಿವಾರ ನಂಗೆ ಡ್ಯೂಟಿ ಇಲ್ಲ. ಅಲ್ಲಿ ಪೋಪ್ ಉಂಟಾ ಇಲ್ವಾ, ಮೊದ್ಲು ಅದು ಕೇಳಿ ಹೇಳು."