ಗಂಡನ ಚಿತ್ರ, ಹೆಂಡತಿಯ ಕೆಲಸ

ಫಿಲಿಪ್ ಗಾರೆಲ್ ನಿರ್ದೇಶನದ ‘ಇನ್ ದಿ ಶ್ಯಾಡೋ ಆಫ್ ವಿಮೆನ್’ (2015) ಬರೀ 73 ನಿಮಿಷಗಳ ಕಪ್ಪು-ಬಿಳುಪು ಚಿತ್ರ. ಪ್ಯಾರಿಸ್‌ನ ಪಿಯೆರ್ ಮತ್ತು ಮಾನೋ ದಂಪತಿ ಚಿಲ್ಲರೆ ಕೆಲಸಗಳಿಂದ ಹೊಟ್ಟೆ ಹೊರೆಯುತ್ತ, ಕೈಯಲ್ಲಿ ಕಾಸಿಲ್ಲದಿದ್ದರೂ ಸಾಕ್ಷ್ಯಚಿತ್ರಗಳನ್ನು ಮಾಡುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಿರುದ್ಧ ಗುಟ್ಟಾಗಿ ಹೋರಾಡಿದ್ದೆನೆಂದು ಹೇಳಿಕೊಳ್ಳುವ ಮುದುಕನೊಬ್ಬ ಸದ್ಯ ಅವರ ಕ್ಯಾಮೆರಾದ ಮುಂದಿದ್ದಾನೆ. ಈ ನಡುವೆ ಪಿಯೆರ್‌ಗೆ ತರಬೇತಿಗೆಂದು ಕೆಲಸಕ್ಕೆ ಸೇರಿದ ಎಲಿಜಬೆತ್ ಎಂಬ ಹುಡುಗಿಯ ನಂಟು ಬೆಳೆಯುತ್ತದೆ. ಮಾನೋಗೂ ಒಬ್ಬ ಗೆಳೆಯನಿರುವುದು ಆಮೇಲೆ ಬಯಲಾಗುತ್ತದೆ.

ಇದನ್ನು ದಾಂಪತ್ಯದ್ರೋಹದ ಕಥೆಯೆಂದು ನೋಡುವವರೇ ಹೆಚ್ಚು. ನನಗೆ ಮಾತ್ರ ಇದು ಪ್ರೀತಿಯ ಲೆಕ್ಕಕ್ಕೆ ಜಮೆಯಾಗಿ ಕಾಣದಂತಾಗುವ ದುಡಿಮೆಯ ಚಿತ್ರವೆಂದು ತೋರಿತು. ಮಾನೋ ಗಂಡನ ಚಿತ್ರಗಳಲ್ಲಿ ಜೊತೆಜೊತೆಗೆ ದುಡಿಯುತ್ತಾಳೆ, ಆದರೆ ಚಿತ್ರ ಅವನದು. ಮಗಳು ಹೀಗೆ ಅವನ ಕೆಲಸದಲ್ಲೇ ಕರಗಿಹೋಗುತ್ತಿದ್ದಾಳೆಂಬ ಆತಂಕ ಅವಳ ತಾಯಿಗಿದೆ. ಮಾನೋಗೆ ಆ ಮಾತು ರುಚಿಸುವುದಿಲ್ಲ, ಏಕೆಂದರೆ ಅವಳಿಗೆ ಈ ದುಡಿಮೆಯೇ ಪ್ರೀತಿಯ ಇನ್ನೊಂದು ರೂಪ.

ಪುಣೆಯಲ್ಲಿ ಮದುವೆ ವಿಡಿಯೋ ಮಾಡುವ ಧಾರವಾಡದ ದಂಪತಿಯೊಬ್ಬರು ನನಗೆ ಪರಿಚಯ. ಗಂಡ ಕ್ಯಾಮೆರಾ ಹಿಡಿದು ಮಂಟಪದಲ್ಲಿ ನಿಂತರೆ, ಹೆಂಡತಿ ರಾತ್ರಿಯೆಲ್ಲ ಕೂತು ಅಕ್ಷತೆ ಬೀಳುವ ಕ್ಷಣಕ್ಕೂ ವಾಲಗದ ಗಟ್ಟಿಮೇಳಕ್ಕೂ ಸರಿಹೊಂದಿಸಿ ಎಡಿಟಿಂಗ್ ಮುಗಿಸುತ್ತಾರೆ. “ಅಕ್ಕಾ, ನೀವೇನು ಮಾಡ್ತೀರಿ?” ಎಂದು ಯಾರಾದರೂ ಕೇಳಿದರೆ, “ನಮ್ಮನಿಯವ್ರ ಕೆಲಸಕ್ಕ ಒಂದಿಷ್ಟ ಕೈ ಹಚ್ಚತೀನ್ರಿ” ಎನ್ನುತ್ತಾರೆ. ಅವರ ವಿಸಿಟಿಂಗ್ ಕಾರ್ಡಿನಲ್ಲಿ ಗಂಡನ ಹೆಸರೊಂದೇ ಇದೆ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಫಿಲ್ಮ್ ಇನ್‌ಸ್ಟಿಟ್ಯೂಟೂ ಇರುವ ಊರಿನಲ್ಲೇ ಹೀಗಾದರೆ ಉಳಿದ ಕಡೆಯ ಮಾತೇನು!

ಗಾರೆಲ್ ಇದನ್ನೆಲ್ಲ ಭಾಷಣವಾಗಿಸುವುದಿಲ್ಲ. ಆರಂಭದಲ್ಲೇ ಮನೆ ಮಾಲೀಕ ನೇರವಾಗಿ ಒಳಗೆ ನುಗ್ಗಿ ಮಾನೋಳ ಮೇಲೆ ರೇಗಾಡುತ್ತಾನೆ. ಬಡತನದ ಮೊದಲ ಏಟು ಬೀಳುವುದು ಮನೆಯಲ್ಲಿದ್ದ ಅವಳ ಮೇಲೆಯೇ. ಮುದುಕನ ಸಂದರ್ಶನ ನಡೆಯುತ್ತಿರುವಾಗ ಅವನ ಹೆಂಡತಿ ಬಿಸ್ಕತ್ತು ತಂದು ಉಪಚರಿಸುವ ದೃಶ್ಯದಲ್ಲಿ ನಗು ಬರುತ್ತದೆ, ಆದರೆ ಅಲ್ಲಿಯೂ ಗಂಡ ಕಥೆ ಹೇಳುವವನು, ಹೆಂಡತಿ ಉಪಚರಿಸುವವಳು.

ರೆನಾಟೊ ಬೆರ್ಟಾ ಅವರ ಛಾಯಾಗ್ರಹಣ 35 ಎಂಎಂ ಫಿಲ್ಮಿನದು. ಬಣ್ಣವಿಲ್ಲದ ಕಾರಣ ಸುಣ್ಣ ಕಳಚಿದ ಗೋಡೆಯೂ ನಿದ್ದೆಗೆಟ್ಟ ಮುಖವೂ ಒಂದೇ ಬೂದಿಯ ಛಾಯೆಯಲ್ಲಿ ಕೂಡಿಕೊಳ್ಳುತ್ತವೆ. ನಿರ್ದೇಶಕರ ಮಗ ಲೂಯಿ ಗಾರೆಲ್ ಅವರ ನಿರ್ಲಿಪ್ತ ಹಿನ್ನೆಲೆ ದನಿ, ತಾನು ಗಂಡಸು, ತನಗಿದು ಸಹಜ ಎಂದುಕೊಳ್ಳುವ ಪಿಯೆರ್‌ನ ಬಣ್ಣವನ್ನು ಮೆಲ್ಲಗೆ ಬಯಲು ಮಾಡುತ್ತದೆ. ಚಿತ್ರಕಥೆ ಬರೆದ ನಾಲ್ವರಲ್ಲಿ ಇಬ್ಬರು ಹೆಂಗಸರು. ರಂಗ ನಿರ್ದೇಶಕ ಪೀಟರ್ ಬ್ರೂಕ್ ಅವರ ‘ಮಹಾಭಾರತ’ ನಾಟಕ ಬರೆದ ಜಾನ್-ಕ್ಲೋದ್ ಕಾರಿಯೇರ್ ಕೂಡ ಇದ್ದಾರೆ.

ಕೊನೆಯನ್ನು ಹೇಳಿಬಿಡುತ್ತೇನೆ, ಇಂಥ ಚಿತ್ರಕ್ಕೆ ಅದರಿಂದ ನಷ್ಟವಿಲ್ಲ. ಬೇರೆಯಾದ ದಂಪತಿ ಮುದುಕನ ಅಂತ್ಯಸಂಸ್ಕಾರದಲ್ಲಿ ಮತ್ತೆ ಭೇಟಿಯಾಗುತ್ತಾರೆ. ಅವನ ವೀರಗಾಥೆ ಸುಳ್ಳೆಂಬುದೂ ಗೊತ್ತಾಗುತ್ತದೆ. ಅಷ್ಟು ಹೊತ್ತು ಅವನನ್ನು ಚಿತ್ರೀಕರಿಸಿದವರಿಗೆ ಅದು ಹೊಳೆದಿರಲಿಲ್ಲ, ಪರಸ್ಪರರ ಸುಳ್ಳೂ ಹೊಳೆದಿರಲಿಲ್ಲ. ಈ ಜೋಡಣೆ ಸೊಗಸಾಗಿದೆ. ಆದರೆ ಇಬ್ಬರೂ ಅಷ್ಟು ಬೇಗ ಒಂದಾಗುವುದು ನನಗೆ ಹಿಡಿಸಲಿಲ್ಲ. ಮುಂದಿನ ಚಿತ್ರದಲ್ಲಿ ಯಾರ ಹೆಸರು ಎಲ್ಲಿ ಬರಬೇಕೆಂಬುದನ್ನು ಮಾನೋ ಮೊದಲು ಮಾತಾಡಿ ಮುಗಿಸಿಕೊಳ್ಳಬೇಕಿತ್ತು.